ಖಾಲಿ ಜಾಗದ ಬಾವಿಗಳು

ಕಳೆದ ತಿಂಗಳು ಕನ್ನಡಕದ ಫ್ರೇಮ್ ಬದಲಿಸಲು ಚಾಮರಾಜಪೇಟೆಗೆ ಹೋಗಿದ್ದೆ. ಅಲ್ಲಿಂದ ಕಲಾಸಿಪಾಳ್ಯದ ಕಡೆಗೆ ನಡೆದು ಬರುವಾಗ ಒಂದು ಹಳೆಯ ಅಂಗಡಿಯವರು ತಮ್ಮ ಯಂತ್ರವನ್ನು ಗುಜರಿಗೆ ಹಾಕಲು ಫುಟ್‌ಪಾತಿಗೆ ಎಳೆದು ತಂದಿದ್ದರು. ಮೂಗಿಗೆ ಛಟ್ಟನೆ ಹೊಡೆಯಿತು ಅಮೋನಿಯಾ ವಾಸನೆ. ಮುಂದೆ ಹೋಗುತ್ತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ನಿಂತು ಎರಡು ಸಲ ಉಸಿರೆಳೆದುಕೊಂಡೆ. ಒಂದು ಕಾಲದಲ್ಲಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದದ್ದು ಇಂಥ ಯಂತ್ರದಲ್ಲೇ, ಅಮೋನಿಯಾ ಹಾಕಿ. ಎಂಬತ್ತೆರಡರ ಮಳೆಗಾಲ ಇಡಿಯಾಗಿ ನನ್ನೆದುರು ಬಂದು ನಿಂತಿತು.

ನನ್ನ ಪರಿಚಯ ಮೊದಲು ಹೇಳಿಬಿಡುತ್ತೇನೆ, ಸಂಕೋಚ ನನ್ನ ಸ್ವಭಾವದಲ್ಲಿಲ್ಲ. ಜಪಾನ್ ಸಾಮ್ರಾಜ್ಯದ ಇತಿಹಾಸವನ್ನು ಓದಿ, ಬರೆದು, ಪಾಠ ಮಾಡಿ ನಿವೃತ್ತಳಾದವಳು ನಾನು. ಗೆದ್ದ ನೆಲಕ್ಕೆ ತನ್ನ ರೈತ ಕುಟುಂಬಗಳನ್ನು ಕರೆತಂದು ನೆಲೆ ನಿಲ್ಲಿಸಿ, ಮೊದಲಿದ್ದವರನ್ನು ಅಂಚಿಗೆ ತಳ್ಳುವ ಒಂದು ಬಗೆಯ ವಸಾಹತುಶಾಹಿ ಇದೆಯಲ್ಲ, ಅದು ನನ್ನ ವಿಷಯ. ಜಪಾನಿನದೇ ಉತ್ತರದ ದ್ವೀಪ ಹೊಕ್ಕೈಡೊ, ಕೊರಿಯಾ, ಮಂಚೂರಿಯಾ ಎಂದು ಮೂರು ಪುಸ್ತಕ ಬರೆದಿದ್ದೇನೆ. ಮೂರೂ ಚೆನ್ನಾಗಿವೆ. ಮಂಚೂರಿಯಾ ಎಂದರೆ ಈಗಿನವರಿಗೆ ಗೋಬಿ ನೆನಪಾಗುತ್ತದೆ. ಅದು ಚೀನಾದ ಈಶಾನ್ಯಕ್ಕಿರುವ, ಚಳಿಗಾಲದಲ್ಲಿ ನದಿಗಳೇ ಹೆಪ್ಪುಗಟ್ಟುವ ದೊಡ್ಡ ಬಯಲುನಾಡು.

ಎಂಬತ್ತೆರಡರಲ್ಲಿ ನನಗೆ ಇಪ್ಪತ್ತೆಂಟು. ಚಾಮರಾಜಪೇಟೆಯ ಹಿಂಭಾಗದ ಗಲ್ಲಿಯಲ್ಲಿ ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅಪ್ಪ ಸರ್ಕಾರಿ ಸರ್ವೆ ಕೆಲಸದಲ್ಲಿ ಚೈನ್‌ಮನ್. ಚೈನ್‌ಮನ್ ಎಂದರೆ ಅಳತೆಯ ಕಬ್ಬಿಣದ ಸರಪಳಿಯನ್ನು ಹಿಡಿದು ಹೊಲ, ಹಳ್ಳ, ಮುಳ್ಳುಬೇಲಿ ಯಾವುದನ್ನೂ ಬಿಡದೆ ನೆಟ್ಟಗೆ ನಡೆಯುವವನು. ಸಾಹೇಬರು ನೆರಳಿನಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಮಗಳು ಜಪಾನಿನ ಮೇಲೆ ಪಿಎಚ್‌ಡಿ ಮಾಡುತ್ತಾಳೆಂದರೆ ಗಲ್ಲಿಯವರು, ‘ಬುದ್ಧನ ದೇಶ ಅಂತ ಓದ್ತಾವ್ಳೆ’ ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ, ಎಂ.ಎ.ಯಲ್ಲಿ ಎಲ್ಲರೂ ಮೈಸೂರು ಅರಸರ ಮೇಲೆ ಮುಗಿಬಿದ್ದಿದ್ದರು. ಯಾರೂ ಹೋಗದ ಕಡೆ ಹೋಗಬೇಕು ಎನ್ನುವ ಜಂಬ ನನ್ನದು.

ಜಪಾನಿ ಭಾಷೆ ಕಲಿಸಿದವರು ಬಸವನಗುಡಿಯ ಕೋಬೆ ರಾಯರು. ರೇಷ್ಮೆ ವ್ಯಾಪಾರಿಯೊಬ್ಬರ ಗುಮಾಸ್ತರಾಗಿ ಹತ್ತು ವರ್ಷ ಕೋಬೆ ಬಂದರಿನಲ್ಲಿದ್ದು, ಯುದ್ಧ ಶುರುವಾಗುವ ಮೊದಲು ಊರಿಗೆ ಬಂದವರು. ಅವರ ನಿಜವಾದ ಹೆಸರು ಪೋಸ್ಟ್‌ಮನ್‌ಗೂ ಮರೆತುಹೋಗಿತ್ತು. ವಾರಕ್ಕೆ ಮೂರು ದಿನ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ನಡೆದು ಅವರ ಮನೆಗೆ ಹೋಗುತ್ತಿದ್ದೆ. ನಾಲ್ಕು ವರ್ಷವೂ ಪಾಠ ವರಾಂಡದಲ್ಲೇ. ಇಲ್ಲಿ ಗಾಳಿ ಚೆನ್ನಾಗಿರುತ್ತದೆ ಎನ್ನುತ್ತಿದ್ದರು. ಅದು ಗಾಳಿಯ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಕಲಿಸಿದಷ್ಟು ಪ್ರೀತಿಯಿಂದ, ಕಲಿಸಿದಷ್ಟು ಶಿಸ್ತಾಗಿ ನನಗೆ ಇನ್ಯಾರೂ ಏನನ್ನೂ ಕಲಿಸಲಿಲ್ಲ. ಜಪಾನ್ ಎಂದರೆ ರಾಯರಿಗೆ ಪ್ರಾಣ. ಅಲ್ಲಿನ ರೈಲು, ಸ್ನಾನದ ಮನೆ, ಅಂಗಡಿಯವನು ಪೊಟ್ಟಣ ಕಟ್ಟುವ ರೀತಿ, ಎಲ್ಲವೂ ಚೆನ್ನ.

ನನ್ನ ಪ್ರಬಂಧಕ್ಕೆ ಆಧಾರವಾದ ಕೈಪಿಡಿಯೂ ರಾಯರ ಟ್ರಂಕಿನಿಂದ ಬಂದದ್ದು. ಮಂಚೂರಿಯಾಕ್ಕೆ ಹೊರಟ ಜಪಾನಿನ ರೈತ ಕುಟುಂಬಗಳಿಗಾಗಿ ಅಚ್ಚು ಮಾಡಿದ್ದು ಅದು. ಕೋಬೆಯಲ್ಲಿ ಪಕ್ಕದ ಮನೆಯವನೊಬ್ಬ ಹೊರಟು ನಿಂತು, ಕೊನೆಗೆ ಹೋಗದೆ ಉಳಿದು, ತನ್ನ ಪ್ರತಿಯನ್ನು ರಾಯರಿಗೆ ಕೊಟ್ಟಿದ್ದನಂತೆ. ಹಿಂದಿನ ರಟ್ಟಿಗೆ, ಅವರು ಹೋಗಿ ಬೀಡುಬಿಡಬೇಕಾದ ಒಂದು ನೆಲೆಯ ದೊಡ್ಡ ನಕ್ಷೆಯನ್ನು ಮಡಚಿ ಅಂಟಿಸಿತ್ತು. ಮಂಚೂರಿಯಾದ ಬಹಳ ಕಡೆ ಅಲ್ಲಿನ ರೈತರಿಂದ ಜಮೀನು ಕಿತ್ತುಕೊಂಡು ಹೊಸಬರಿಗೆ ಕೊಟ್ಟರು ಎನ್ನುವುದು ಎಲ್ಲರಿಗೂ ತಿಳಿದಿತ್ತು. ಆದರೆ ಈ ಒಂದು ನೆಲೆ ಹಾಗಲ್ಲ, ಇದು ನಿಜವಾಗಿಯೂ ಯಾರೂ ಇಲ್ಲದ, ನೇಗಿಲು ಕಾಣದ ಬಯಲಾಗಿತ್ತು ಎಂದು ಕೈಪಿಡಿ ಮತ್ತೆ ಮತ್ತೆ ಹೇಳುತ್ತಿತ್ತು. ಅದನ್ನೇ ನಾನು ಮೂರನೆಯ ಅಧ್ಯಾಯ ಮಾಡಿದ್ದೆ. ಅದೇ ನನ್ನ ಪ್ರಬಂಧದ ಹೊಸತನ. ನಮ್ಮ ಗೈಡ್ ಶಿವರುದ್ರಯ್ಯನವರು ಅದನ್ನು ಓದಿ, “ಇದೊಂದೇ ಸಾಕಮ್ಮ ನಿಂಗೆ ಡಿಗ್ರಿ ಬರೋಕೆ” ಎಂದಿದ್ದರು.

ಡಿಗ್ರಿಯ ಜೊತೆಗೆ ಇನ್ನೊಂದೂ ಇತ್ತು. ನಗರದ ಒಂದು ಕಾಲೇಜಿನಲ್ಲಿ ಇತಿಹಾಸದ ಖಾಯಂ ಹುದ್ದೆ ಖಾಲಿಯಿತ್ತು. ದೀಪಾವಳಿಯೊಳಗೆ ಪ್ರಬಂಧ ಒಪ್ಪಿಸಿದರೆ ಅದು ನಿನ್ನದೇ ಎಂದು ಗೈಡ್ ಹೇಳಿದ್ದರು. ನಮ್ಮ ಗಲ್ಲಿಯಲ್ಲಿ ಅದುವರೆಗೆ ಯಾರೂ ಕಾಲೇಜಿನಲ್ಲಿ ಪಾಠ ಮಾಡಿರಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಟೈಪಿಂಗ್ ಕೂಡ ಮುಗಿದಿತ್ತು. ಉಳಿದದ್ದು ಆ ನಕ್ಷೆಯ ಪ್ರತಿಗಳು ಮಾತ್ರ.

“ನಾನೇ ಎಳೆದ್ಕೊಡ್ತೀನಿ ಬಿಡು” ಎಂದ ಅಪ್ಪ. ಇಪ್ಪತ್ತು ವರ್ಷ ಕಚೇರಿಯಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್‌ಗಳ ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದ. ಜುಲೈನ ಒಂದು ಭಾನುವಾರ ಬೆಳಿಗ್ಗೆ, ಹೊರಗೆ ಸಣ್ಣ ಮಳೆ. ಕಿಟಕಿಯ ಬಳಿ ಟೇಬಲ್ ಎಳೆದುಕೊಂಡು, ನಕ್ಷೆಯ ಮೇಲೆ ಅಡಿಯದು ಕಾಣುವಂಥ ಟ್ರೇಸಿಂಗ್ ಬಟ್ಟೆ ಹಾಸಿ, ನಾಲ್ಕು ಮೂಲೆಗೂ ಅಕ್ಕಿ ಅಳೆಯುವ ಪಾವು, ಚಟಾಕು ಇಟ್ಟು ಕೂತ. ಅಪ್ಪನಿಗೆ ಒಂದು ನೇಮವಿತ್ತು. ಇದೇನೆಂದು ತಿಳಿಯದೆ ಒಂದು ಗುರುತನ್ನೂ ಎಳೆಯುತ್ತಿರಲಿಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಹೇಳಬೇಕಿತ್ತು.

“ಇದೇನು?”

“ಹಳ್ಳ.”

“ಇದು?”

“ಬಾವಿ.”

“ಈ ಸಣ್ಣ ಗುಡ್ಡೆ ಥರದ್ದು?”

“ಸಮಾಧಿ, ಅಪ್ಪ. ಹೂತಿರೋ ಜಾಗ.”

“ಇಲ್ಲಿ ದೊಡ್ಡದಾಗಿ ಏನೋ ಬರ್ದೈತಲ್ಲ?”

“ಯಾರೂ ಇಲ್ಲದ, ಉಳುಮೆ ಆಗದೇ ಇರೋ ನೆಲ ಅಂತ.”

ಅಪ್ಪ ಪೆನ್ನನ್ನು ಹಳೇ ಚಿಂದಿಯಲ್ಲಿ ಒರೆಸಿ ಕೆಳಗಿಟ್ಟ. “ಯಾರೂ ಇಲ್ದಿರೋ ಕಡೆ ಬಾವಿ ಯಾರಮ್ಮ ತೋಡಿದ್ರು? ಸತ್ತೋರು ಯಾರು, ಹೂತೋರು ಯಾರು?”

ನನಗೆ ಕೋಪ ಬಂತು. ತಪ್ಪಾಗಿದೆ ಎಂದು ಒಳಗೆ ಗೊತ್ತಾದಾಗ ಬರುವ ಕೋಪವೇ ಬೇರೆ, ಅದಕ್ಕೆ ಮಾತು ಜಾಸ್ತಿ. ಹಳೆಯ ಬಾವಿಗಳಿರಬಹುದು, ಯಾವ ಕಾಲದಲ್ಲೋ ಇದ್ದವರು ಬಿಟ್ಟು ಹೋಗಿರಬಹುದು, ನಿನಗೆ ಜಪಾನಿ ಬರುತ್ತದೆಯೇ ಎಂದೆಲ್ಲ ಕೂಗಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡು ಉಗುರಿನ ತುದಿಯಿಂದ ಒಂದು ಚುಕ್ಕಿಗೆರೆ ತೋರಿಸಿದ. “ಇದು ಕಾಲ್ದಾರಿ ಅಲ್ವ? ಎಲ್ಲಿಗ್ ಹೋಗಿ ನಿಲ್ತದೆ ನೋಡು. ಬಾವಿ ತಾವ. ಇದೂ ಅಷ್ಟೇ, ಇದೂ ಅಷ್ಟೇ. ಪಾಳು ಬಾವಿಗೆ ದಾರಿ ಇರಾಕಿಲ್ಲ ಕಣಮ್ಮ, ಎರಡು ಮಳೆಗೆ ಹುಲ್ಲು ಮುಚ್ಕೊಳ್ತದೆ. ದಿನಾ ನೀರಿಗೆ ಹೋಗೋರಿದ್ರೆ ಮಾತ್ರ ದಾರಿ ಇರ್ತದೆ.”

ಮೂರು ವರ್ಷ ಆ ನಕ್ಷೆಯನ್ನು ಬಗಲಲ್ಲಿಟ್ಟುಕೊಂಡು ತಿರುಗಿದವಳು ನಾನು. ಅದರ ಮೇಲಿನ ಪ್ರತಿ ಅಕ್ಷರವನ್ನೂ ಓದಿದ್ದೆ. ಗುರುತುಗಳ ಕಡೆಗೆ ಕಣ್ಣೆತ್ತಿಯೂ ನೋಡಿರಲಿಲ್ಲ. ಓದು ಕಲಿತವರು ಮಾಡುವ ತಪ್ಪು ಅದು. ಅಕ್ಷರ ಕಂಡಕೂಡಲೇ ಉಳಿದದ್ದೆಲ್ಲ ಕಾಣಿಸುವುದಿಲ್ಲ. ಅವತ್ತು ಊಟ ಮಾಡದೆ ಹೊರಟು ಸೀದಾ ಬಸವನಗುಡಿಗೆ ಹೋದೆ.

ಅಪ್ಪ ಅಂದದ್ದನ್ನು ಕೇಳಿ ರಾಯರು ಉರಿದುಬಿದ್ದರು. “ನೋಡಮ್ಮಾ, ನಾನು ಆ ಜನಗಳ ಮಧ್ಯೆ ಹತ್ತು ವರ್ಷ ಇದ್ದೋನು. ದಾರೀಲಿ ಬಿದ್ದ ಕೊಡೆ ತಂದು ವಾಪಸ್ ಕೊಡ್ತಾರೆ ಅವ್ರು. ಬೇರೆಯವರ ಬಾವಿ ಕಿತ್ಕೊಳ್ಳೋರಲ್ಲ. ಸರಪಳಿ ಹಿಡಿಯೋರ ಮಾತು ಕೇಳ್ಕೊಂಡು ಇತಿಹಾಸ ಬರೀತೀಯಾ?”

ಆ ಕೊನೆಯ ಮಾತಿಗೆ ನಾನು ಎದ್ದು ಬಂದೆ. ಬರುವಾಗ ಕೈಪಿಡಿಯನ್ನು ಅವರ ಕುರ್ಚಿಯ ಮೇಲೆ ಬಿಟ್ಟು, “ನೀವೇ ಇನ್ನೊಂದ್ಸಲ ಓದಿ ನೋಡಿ, ಸಾರ್” ಎಂದೆ. ನಾಲ್ಕು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಮನೆ ಸೇರುವವರೆಗೂ ಅಳು ಬರುತ್ತಲೇ ಇತ್ತು.

ಒಂದು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಎಂಟನೆಯ ದಿನ ರಾಯರು ತಮ್ಮ ಪಕ್ಕದ ಮನೆಯವರಿಂದ ಹೇಳಿಕಳುಹಿಸಿದರು. ಹೋದರೆ ಅಡ್ಡಮಳೆ, ವರಾಂಡದ ಬೆಂಚು ತೊಯ್ದು ತೊಪ್ಪೆಯಾಗಿತ್ತು. ರಾಯರು ಬಾಗಿಲಲ್ಲಿ ನಿಂತು ಒಂದು ಕ್ಷಣ ಬೆಂಚು ನೋಡಿದರು, ನನ್ನನ್ನು ನೋಡಿದರು. “ಒಳಗೆ ಬಾ” ಎಂದರು. ಒಳಗೆ ಹೋಗಿ ಕೂತೆ. ಅದರ ಬಗ್ಗೆ ನಾವಿಬ್ಬರೂ ಮತ್ತೆಂದೂ ಮಾತೆತ್ತಲಿಲ್ಲ, ಆದರೆ ಆಮೇಲಿನ ಪಾಠಗಳೆಲ್ಲ ಒಳಗೇ ನಡೆದವು.

ಕೈಪಿಡಿಯ ಕೊನೆಯ ಭಾಗವನ್ನು ತೆರೆದಿಟ್ಟುಕೊಂಡಿದ್ದರು. ನಾನು ಓದದೆ ಬಿಟ್ಟ ಭಾಗ ಅದು. ಅಡುಗೆ, ಸ್ವಚ್ಛತೆ, ಚಳಿಗೆ ಏನು ಮಾಡಬೇಕು ಎಂದು ಹೆಂಗಸರಿಗೆ ಹೇಳುವ ಸಣ್ಣಪುಟ್ಟ ಸಲಹೆಗಳು. ಇತಿಹಾಸಕ್ಕೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ರಾಯರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು. ಮೊದಲ ಚಳಿಗಾಲಕ್ಕೆ ನಿಮಗೆ ಸಿಗುವ ಮನೆಯಲ್ಲಿ ಇಟ್ಟಿಗೆಯ ಜಗಲಿಯೊಂದಿರುತ್ತದೆ. ಅದರ ಕೆಳಗೆ ಒಲೆ ಉರಿಸಿ, ಮೇಲೆ ಮಲಗಬೇಕು. ಉರಿಸುವ ಮೊದಲು ಒಳಗಿರುವ ಹಳೆಯ ಬೂದಿಯನ್ನು ಪೂರ್ತಿ ಬಳಿದು ತೆಗೆಯಿರಿ.

“ಯಾರೂ ಇಲ್ಲದ ಬಯಲಲ್ಲಿ ಹಳೇ ಬೂದಿ ಎಲ್ಲಿಂದ ಬಂತು?” ಎಂದು ರಾಯರೇ ಕೇಳಿದರು. “ಹಡಗು ಹತ್ತೋರಿಗೆ ನಾನೂ ಬಾವುಟ ಬೀಸಿದ್ದೆ ಕಣಮ್ಮ, ಬಂದರಿನಲ್ಲಿ ನಿಂತು. ಪಾಪ, ಬಡ ರೈತರು, ಮಕ್ಕಳು ಮರಿ ಕಟ್ಕೊಂಡು. ಎಲ್ಲಿಗೆ ಹೋಗ್ತಿದಾರೆ ಅಂತ ನಾನೂ ಕೇಳ್ಲಿಲ್ಲ, ಅವ್ರೂ ಕೇಳ್ಲಿಲ್ಲ.” ಎದ್ದು ಹೋಗಿ ಎರಡು ಲೋಟ ಕಾಫಿ ತಂದರು. “ನಿಮ್ಮಪ್ಪಂಗೆ ನಾನು ಆವತ್ತು ಅಂದಿದ್ದು ತಪ್ಪು ಅಂತ ಹೇಳು.”

ಬಾವಿ, ದಾರಿ, ಸಮಾಧಿ, ಬೂದಿ. ನನ್ನ ಹೊಸತನ ಮಣ್ಣುಪಾಲಾಯಿತು. ಅದಕ್ಕಿಂತ ದೊಡ್ಡದು ಕೈಗೆ ಬಂದಿತ್ತು ಎನ್ನುವುದು ಅವತ್ತೇ ಗೊತ್ತಿತ್ತು, ಸುಳ್ಳು ವಿನಯ ಯಾಕೆ. ಖಾಲಿ ಎಂದು ಬರೆದಿರುವಲ್ಲೆಲ್ಲ ಮೊದಲು ಯಾರಿದ್ದರು ಎಂದು ಹುಡುಕುವುದು, ಅದೂ ಖಾಲಿ ಎಂದವರ ಕಾಗದದಲ್ಲೇ ಹುಡುಕುವುದು: ಮುಂದೆ ನಾನು ಜೀವನವಿಡೀ ಮಾಡಿದ ಕೆಲಸ ಆ ಎರಡು ವಾರದಲ್ಲಿ ಹುಟ್ಟಿತು. ಆದರೆ ಮೂರನೆಯ ಅಧ್ಯಾಯವನ್ನು ಬುಡದಿಂದ ಬರೆಯಬೇಕಿತ್ತು, ಅದರ ಮೇಲೆ ನಿಂತಿದ್ದ ನಾಲ್ಕು ಐದನ್ನೂ ಕೂಡ. ದೀಪಾವಳಿಯೊಳಗೆ ಆಗದ ಕೆಲಸ.

ಶಿವರುದ್ರಯ್ಯನವರು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. “ಏನಮ್ಮ, ಪಿಎಚ್‌ಡಿ ಮುಗಿಸ್ತೀಯೋ, ಇಲ್ಲಾ ಜಪಾನಿನವರ ಮೇಲೆ ಕೇಸ್ ಹಾಕ್ತೀಯೋ?”

“ಅಧ್ಯಾಯ ತಪ್ಪಾಗಿದೆ, ಸಾರ್.”

“ತಪ್ಪಾಗಿದ್ರೆ ಆಮೇಲೆ ಪುಸ್ತಕ ಮಾಡುವಾಗ ತಿದ್ಕೋ. ಟೈಪ್ ಆಗಿದೆ, ನಾನು ಒಪ್ಪಿದ್ದೀನಿ. ಆ ಕೆಲಸ ಕೈ ತಪ್ಪಿದ್ರೆ ಇನ್ನೊಂದು ಯಾವಾಗ ಬರತ್ತೋ ಗೊತ್ತಿಲ್ಲ. ಮನೇಲಿ ಒಂದ್ಮಾತು ಕೇಳ್ಕೊಂಡು ಬಾ, ಹೋಗು.”

ಮನೆಯಲ್ಲಿ ಅಮ್ಮ ಅತ್ತಳು. ಆ ಕೆಲಸದ ವಿಷಯವನ್ನು ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಯಾಗಿತ್ತು. ಅಪ್ಪ ನಾನು ರಾಯರಿಂದ ವಾಪಸ್ ತಂದಿದ್ದ ನಕ್ಷೆಯನ್ನು ಮತ್ತೆ ಕಿಟಕಿಯ ಬಳಿ ಹಾಸಿ, ಅರ್ಧಕ್ಕೆ ಬಿಟ್ಟಿದ್ದನ್ನು ಎಳೆದು ಮುಗಿಸಿದ. ಮರುದಿನ ಟ್ರೇಸಿಂಗ್ ಬಟ್ಟೆ ಸುತ್ತಿಕೊಂಡು, “ಬಾ, ಪ್ರಿಂಟ್ ತೆಗೆಸ್ಕೊಂಡ್ ಬರಾಣ” ಎಂದ. ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನ ಹಿಂದೆ, ತರಕಾರಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹೋಗಿ ನಕ್ಷೆ ಪ್ರಿಂಟಿನ ಅಂಗಡಿಯ ತಗಡಿನ ಕೆಳಗೆ ನಿಂತೆವು. ಒಳಗೆ ಅಮೋನಿಯಾ, ಹೊರಗೆ ಕೊಳೆತ ಕೋಸು, ಮೇಲೆ ಮಳೆ. ಅಲ್ಲಿ ನಿಂತು ಅಪ್ಪ ತಾನಾಗಿ ಶುರುಮಾಡಿದ.

ಸರ್ಕಾರಿ ಕೆಲಸ ಸಿಗುವ ಮೊದಲು ಅವನು ಖಾಸಗಿ ಸರ್ವೆಯರ್ ಒಬ್ಬರ ಬಳಿ ಇದ್ದನಂತೆ. ಯಾರೋ ಶ್ರೀಮಂತರು ಮನೆ ಕಟ್ಟಲು ಕೊಳ್ಳುವ ಜಾಗವನ್ನು ಅಳೆಯಲು ಹೋಗಿದ್ದರು. ಯಾವ ಊರೆಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

“ಹನ್ನೊಂದು ಗುಡಿಸಲು ಇದ್ವು. ನಮ್ಮಂಥೋರೇ. ಒಂದು ಹೆಂಗ್ಸು ಬಾವಿಯಿಂದ ಸೇದಿ ನಂಗೆ ನೀರು ಕೊಟ್ಳು, ಬಿಸ್ಲು ಅಂತ. ಆಮೇಲೆ ನಕ್ಷೆ ನೋಡ್ತೀನಿ, ಖಾಲಿ ಅಂತ ಬರೆದವ್ರೆ. ಗುಡಿಸಲೂ ಇಲ್ಲ, ಬಾವೀನೂ ಇಲ್ಲ.”

“ನೀನು ಹೇಳ್ಬೇಕಿತ್ತಲ್ಲಪ್ಪ?”

“ಸಾಹೇಬ್ರಿಗೆ ಚೈನ್‌ಮನ್ ಹೇಳೋದಾ?” ಅಪ್ಪ ಮಳೆಯನ್ನೇ ನೋಡುತ್ತಿದ್ದ. “ಸರಪಳಿ ಸುತ್ತಿ ಹೆಗಲಿಗೆ ಹಾಕ್ಕಂಡು ಬಂದ್ಬಿಟ್ಟೆ. ಎರಡು ತಿಂಗಳಾದ್ಮೇಲೆ ಆ ಕಡೆ ಹೋದ್ರೆ ನೆಲ ಮಟ್ಟ ಮಾಡಿದ್ರು. ನೀನು ಈ ಕೆಲಸ ಹೋಗ್ತದೆ ಅಂತ ಆ ಪ್ರಬಂಧಾನ ಹಂಗೇ ಕೊಟ್ಬುಡಬೇಡ, ಮಗ.”

ನಾನು ಕೊಡಲಿಲ್ಲ. ಆ ಹುದ್ದೆ ಬೇರೆಯವರ ಪಾಲಾಯಿತು. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಕೂತು ಬರೆದೆ. ಮಳೆ ನಿಂತು ಚಳಿ ಬಂದಿತ್ತು, ಸ್ವೆಟರ್ ಹಾಕಿಕೊಂಡು ಬರೆದೆ. ಅಷ್ಟು ಸಲೀಸಾಗಿ, ಅಷ್ಟು ಗಟ್ಟಿಯಾಗಿ ಅದಕ್ಕೆ ಮುಂಚೆ ಬರೆದಿರಲಿಲ್ಲ. ರಾಯರು ಜಪಾನಿ ಸಾಲುಗಳನ್ನೆಲ್ಲ ಮತ್ತೆ ನೋಡಿ ನನ್ನ ಅನುವಾದದ ಏಳು ತಪ್ಪು ಹಿಡಿದರು. ಶಿವರುದ್ರಯ್ಯನವರು ಗೊಣಗುತ್ತಲೇ ಅವಧಿ ವಿಸ್ತರಣೆಗೆ ಸಹಿ ಹಾಕಿ, ಹೊಸ ಅಧ್ಯಾಯ ಓದಿ, ಇನ್ನೊಂದು ಸಲ ಓದಿದರು.

ಮೌಖಿಕ ಪರೀಕ್ಷೆ ಮರುವರ್ಷ ಮಾರ್ಚಿನಲ್ಲಿ. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ರಾಯರು ಕೋಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಅಪ್ಪ ಅರ್ಧ ದಿನ ರಜೆ ಹಾಕಿ, ಇಸ್ತ್ರಿಯ ಬಿಳಿ ಶರ್ಟಿನಲ್ಲಿ ಬಂದು ಕೊನೆಯ ಬೆಂಚು ಹಿಡಿದ. “ನಾನು ಬಾಯ್ ಬಿಡಾಕಿಲ್ಲ, ಸುಮ್ನೆ ನೋಡ್ತೀನಿ” ಎಂದು ಮನೆಯಲ್ಲೇ ಭರವಸೆ ಕೊಟ್ಟಿದ್ದ. ಪ್ರಬಂಧ ಇಂಗ್ಲಿಷಿನಲ್ಲಿದ್ದುದರಿಂದ ಅವನು ಅದರ ಒಂದು ಪುಟವನ್ನೂ ಓದಿರಲಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಟ್ಟಿ ಆಸಾಮಿ. ಒಂದು ಗಂಟೆ ನನ್ನನ್ನು ಜಾಲಾಡಿದರು, ನಾನೂ ಬಿಟ್ಟುಕೊಡಲಿಲ್ಲ. ಕೊನೆಗೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೇ ಬಂದರು. “ಅಲ್ಲಮ್ಮಾ, ಸರ್ಕಾರವೇ ಅಚ್ಚು ಮಾಡಿಸಿದ ಪುಸ್ತಕ ಯಾರೂ ಇರಲಿಲ್ಲ ಅನ್ನತ್ತೆ. ನೀವು ನಾಲ್ಕು ಗುರುತು ನೋಡಿ ಊರೇ ಇತ್ತು ಅಂತೀರಿ. ಎಷ್ಟು ಬಾವಿ ಇವೆ ಇದ್ರಲ್ಲಿ?”

“ಹದಿನಾಲ್ಕು, ಸಾರ್.”

ಹಿಂದೆ ಬೆಂಚು ಕಿರ್ರೆಂದಿತು. ತಿರುಗಿ ನೋಡಿದರೆ ಅಪ್ಪ ಎದ್ದು ನಿಂತಿದ್ದ. ಕೈ ಕಟ್ಟಿಕೊಂಡಿದ್ದ, ಸಾಹೇಬರ ಮುಂದೆ ನಿಲ್ಲುವ ಹಾಗೆ. ಶಿವರುದ್ರಯ್ಯನವರು ಕೂರುವಂತೆ ಕಣ್ಸನ್ನೆ ಮಾಡಿದರು. ಅಪ್ಪ ಕೂರಲಿಲ್ಲ.

“ಹದಿನೈದು ಸಾರ್” ಎಂದ. “ಇವಳು ಒಂದು ಬಿಟ್ಟವ್ಳೆ.”

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. “ತಾವು ಯಾರು?”

“ಈ ನಕ್ಷೆ ಎಳ್ದೋನು ನಾನೇ, ಸಾರ್.”

“ಬನ್ನಿ, ತೋರ್ಸಿ.”

ಅಪ್ಪ ಬೆಂಚುಗಳ ನಡುವೆ ಮುಂದೆ ಬಂದ. ಪ್ರಬಂಧದ ಹಿಂದೆ ಮಡಚಿಟ್ಟಿದ್ದ ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿ, ಅಂಗೈಯಿಂದ ನಿಧಾನವಾಗಿ ಮಟ್ಟಸ ಮಾಡಿದ. ಕೈಪಿಡಿಯಲ್ಲಿದ್ದ ಮೂಲ ನಕ್ಷೆಯ ಮಡಿಕೆ ಹಾದುಹೋದ ಕಡೆ, ಕಾಗದ ಸವೆದಿದ್ದ ಜಾಗದಲ್ಲಿ, ಒಂದು ಬಾವಿ ಇತ್ತು. ನಾನು ಮೂಲದಲ್ಲಿ ಎಣಿಸಿ ನಿಲ್ಲಿಸಿಬಿಟ್ಟಿದ್ದೆ. ಅವನು ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಎಳೆದಿದ್ದ. ಪರೀಕ್ಷಕರು ಬಗ್ಗಿ ಒಂದೊಂದಾಗಿ ಎಣಿಸಿದರು. ಹದಿನೈದು. ನನ್ನ ಪ್ರಬಂಧದ ಆ ಪುಟ ತೆಗೆದು, ಹದಿನಾಲ್ಕನ್ನು ಹೊಡೆದುಹಾಕಿ, ಪೆನ್ಸಿಲಿನಿಂದ ಹದಿನೈದು ಎಂದು ಬರೆದರು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದು, “ಕೂತ್ಕೊಳ್ಳಿ” ಎಂದರು.

ಅಪ್ಪ ಕುರ್ಚಿಯ ಕಡೆ ನೋಡಲೂ ಇಲ್ಲ.

“ಇರ್ಲಿ ಸಾರ್” ಎಂದ. “ಆ ಬಾವಿಗ್ ಹೋಗೋ ದಾರೀನೂ ತೋರಿಸ್ಬುಡ್ತೀನಿ.”